ಜರೀಗಿಡಕ್ಕೆ ಛಾಟಣಿ

ಐನಾಪುರದ ದರ್ಜಿ ದಾದಾಸಾಬನಿಗೆ ಆ ದಿನ ಬೆಳಿಗ್ಗೆ ಮೀನು ಸಾಕಿದ ಗಾಜಿನ ಪೆಟ್ಟಿಗೆಯೊಳಗಿನ ಜರೀಗಿಡದ ಎಲೆಯಡಿ ಕರಿ ಚುಕ್ಕೆಗಳು ಕಾಣದೇ ಹೋಗಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಕಂಡವು, ಕೆಲಸ ಕೆಟ್ಟಿತು. ಹೋದ ವರ್ಷ ತೀರಿಕೊಂಡ ಹೆಂಡತಿ ಖೈರುನ್ನಿಸಾ ಕೈಯಾರೆ ಬೆಳೆಸಿ ಬಿಟ್ಟುಹೋದದ್ದು ಆ ಗಿಡವೊಂದೇ. ಗಂಡನ ಅಂಗಡಿಯ ದಾರದಿಂದ ಅದನ್ನು ಕಲ್ಲಿಗೆ ಕಟ್ಟಿ, ನೀರಿಗಿಳಿಸಿ, ಬಿಸಿಲು ತಾಗದ ಮೂಲೆಯಲ್ಲಿಟ್ಟಿದ್ದಳು. ಸಂಜೆ ಅಥಣಿಯಿಂದ ಮಗಳು ರುಕ್ಸಾರ ಬರುವವಳಿದ್ದಳು. ಅಮ್ಮನ ಗಿಡಕ್ಕೆ ಹೀಗಾಗಿದೆಯೆಂದರೆ ಆ ಹುಡುಗಿ ತಡೆದುಕೊಂಡಾಳೆ?

"ಸಾವಕ್ಕ, ಸ್ವಲ್ಪ ಬಂದು ನೋಡ ಬಾ ಇಲ್ಲೆ!" ಎಂದು ದಾದಾಸಾಬ ಬಾಗಿಲಲ್ಲಿ ನಿಂತು ಕೂಗಿದ.

ಎದುರುಮನೆಯ ಸಾವಕ್ಕ ಆಡಿಗೆ ಮೇವು ಹಾಕುವುದನ್ನು ಬಿಟ್ಟು ಓಡಿಬಂದಳು. "ಅಯ್ಯ ಯಪ್ಪಾ, ಕತ್ತಲದಾಗ ಇಟ್ರ ಗಿಡ ಬದಕತೈತೇನ್ರಿ? ಬಿಸಿಲಿಗೆ ತರ್ರಿ!"

ಇಬ್ಬರೂ ಪೆಟ್ಟಿಗೆ ಎತ್ತಿ ಕಟ್ಟೆಗೆ ತಂದರು. ಅರ್ಧ ನೀರು ದಾದಾಸಾಬನ ಪಾಯಿಜಾಮದ ಪಾಲಾಯಿತು. ಮಧ್ಯಾಹ್ನದ ಹೊತ್ತಿಗೆ ಉಳಿದ ನೀರು ಬಿಸಿಯಾಗಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಅವನ್ನು ಕೊಡಕ್ಕೆ ಹಾಕುವಾಗ ಒಂದು ಗಟಾರಕ್ಕೆ ಜಿಗಿಯಿತು. ದರ್ಜಿ ಮೊಣಕಾಲೂರಿ ಗಟಾರದಲ್ಲಿ ಕೈಯಾಡಿಸುವುದನ್ನು ಓಣಿಯೆಲ್ಲ ನಿಂತು ನೋಡಿತು.

ಹೊಲಿಯಲು ಕೊಟ್ಟ ಅಂಗಿ ಕೇಳಲು ದ್ರಾಕ್ಷಿ ತೋಟದ ಧರೆಪ್ಪ ಬಂದದ್ದೂ ಆಗಲೇ. ಎಲೆ ತಿರುವಿ ನೋಡಿ ಡಾಕ್ಟರನಂತೆ ತಲೆಯಾಡಿಸಿದ.

"ಇದು ರೋಗರಿ ದಾದಾಸಾಬ್ರ. ನಮ್ಮ ದ್ರಾಕ್ಷಿಗೂ ಹಿಂಗ ಚುಕ್ಕಿ ಬೀಳತಾವ. ಛಾಟಣಿ ಮಾಡ್ರಿ. ಬಳ್ಳಿ ಬೋಳಸಿದಂಗ ಬೋಳಸ್ರಿ, ಹೊಸಾ ಚಿಗುರು ಹೆಂಗ ಬರತೈತಿ ನೋಡ್ರಿ!"

"ಎಲ್ಲಾ ಎಲೀನೂ?"

"ಒಂದ ಎಲಿ ಉಳದ್ರೂ ರೋಗ ಉಳೀತು ಅಂತ ತಿಳೀರಿ."

ಎಂಥೆಂಥ ರೇಷ್ಮೆ ಬಟ್ಟೆಗೂ ಅಳುಕದ ಕೈ ಈಗ ಎರಡು ಸಲ ಕತ್ತರಿ ಎತ್ತಿ ಕೆಳಗಿಟ್ಟಿತು. 'ಮಾಫ್ ಮಾಡು ಖೈರು' ಎಂದು ಮನಸ್ಸಿನಲ್ಲೇ ಬೇಡಿಕೊಂಡು ದಾದಾಸಾಬ ಕತ್ತರಿಯಾಡಿಸಿದ. ಕತ್ತರಿಸಿದ ಎಲೆಗಳನ್ನು ಸಾವಕ್ಕ ಸೆರಗಿನಲ್ಲಿ ಒಯ್ದು ಆಡಿಗೆ ಹಾಕಿದಳು.

ಸಂಜೆ ರುಕ್ಸಾರ ಬಂದಳು. ಕೈಯಲ್ಲೊಂದು ಗಾಜಿನ ಬರಣಿ. ಕಲ್ಲಿಗಂಟಿದ ಬೋಳು ಬೇರನ್ನು ಕಂಡು ನಿಂತಲ್ಲೇ ನಿಂತುಬಿಟ್ಟಳು.

"ಅಂಜಬ್ಯಾಡ ಬೇಟಾ," ದಾದಾಸಾಬ ಧೈರ್ಯ ಹೇಳಿದ. "ಎಲಿ ಕೆಳಗ ಕರಿ ಚುಕ್ಕಿ ಬಿದ್ದಿದ್ವು. ಒಂದೂ ಬಿಡದಂಗ ಕತ್ತರಿಸೇನಿ."

ಬರಣಿಯನ್ನು ನೆಲಕ್ಕಿಟ್ಟು ಅವಳು ಗೋಡೆಗೊರಗಿ ಕುಳಿತಳು.

"ಅದು ರೋಗ ಅಲ್ಲ ಅಬ್ಬಾ. ಅವು ಬೀಜ ಇದ್ದಂಗ. ಮರಿ ಗಿಡ ಆ ಎಲಿ ಮ್ಯಾಲೇ ಹುಟ್ಟತಾವ. ಚುಕ್ಕಿ ಬಂದ್ವು ಅಂದ್ರ ಒಂದ ಎಲಿ ನಿನ್ನ ಮನೀಗಿ ಒಯ್ಯಿ ಅಂತ ಅಮ್ಮಿ ಹೇಳಿದ್ಳು. ಬಂದಾವೇನ ನೋಡೂಣು ಅಂತ ಬಂದಿದ್ದೆ."

ದಾದಾಸಾಬನಿಗೆ ಹೆಂಡತಿ ಇನ್ನೊಮ್ಮೆ ಕೈಬಿಟ್ಟು ಹೋದಂತಾಯಿತು. ಎದುರುಮನೆಯಲ್ಲಿ ಆಡು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

"ನನಗ್ಯಾಕ ಹೇಳಲಿಲ್ಲ ಆಕಿ?"

ರುಕ್ಸಾರ ಕಣ್ಣೊರೆಸಿಕೊಂಡಳು. "ನಿಮ್ಮ ಅಬ್ಬಾಗ ಹೇಳಬ್ಯಾಡ ಅಂದಿದ್ಳು. ಹೇಳಿದ್ರ, ಖರೇನೋ ಸುಳ್ಳೋ ಅಂತ ಓಣಿ ಮಂದೀನೆಲ್ಲಾ ಕರದು ಕೇಳತಾರ, ಆಮ್ಯಾಲ ಗಿಡಾ ಉಳಿಯಂಗಿಲ್ಲ ಅಂತ."