ಹಿಡಿಯಿಲ್ಲದ ಬಾಗಿಲು

“ಇನ್ನು ಮೇಲೆ ಈ ವರ್ಕ್‌ಶಾಪಿನಲ್ಲಿ ಯಾರ ಉಗುರಿಗೂ ನೋವಾಗಕೂಡದು!” ಎಂದು ಅವಳು ಪಣ ತೊಟ್ಟದ್ದು ಮಗಳು ಪುಟ್ಟಿ ಅಂಬೆಗಾಲು ಬಿಟ್ಟು ಓಡಲು ಕಲಿತ ದಿನ. ಮನೆಗೂ ವರ್ಕ್‌ಶಾಪಿಗೂ ನಡುವೆ ಇದ್ದದ್ದು ಒಂದೇ ಬಾಗಿಲು. ಆ ಕಡೆ ಗಂಡ ಹಳೆಯ ಕಾರುಗಳನ್ನು ಕತ್ತರಿಸಿ, ಬೆಸೆದು, ಪುನರ್ಜನ್ಮ ಕೊಡುತ್ತಿದ್ದ. ಈ ಕಡೆ ಅವಳು ಮಗುವಿಗೆ ತುತ್ತಿಡುತ್ತಾ, ಕಿಡಿ ಹಾರಿದಾಗಲೆಲ್ಲ ಎದೆ ಹಿಡಿದುಕೊಳ್ಳುತ್ತಿದ್ದಳು.

ಗೋಡೆಯ ಮೇಲೆ ದಪ್ಪಕ್ಷರದ ಶಾಸನ ಬಿತ್ತು. ಮೊದಲ ನಿಯಮ: ಕೇಳದೆ ಏನನ್ನೂ ಮುಟ್ಟಬಾರದು. ಆಮೇಲೆ, ಕನ್ನಡಕವಿಲ್ಲದೆ ಗ್ರೈಂಡರ್ ಹಿಡಿಯಬಾರದು, ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ವೈರು ಬಿಚ್ಚಬೇಕು, ಸಾಮಾನೆಲ್ಲ ಕಬ್ಬಿಣದ ಬೀರುವಿನಲ್ಲಿ, ಬೀರುವಿನ ಕೀಲಿ ಅವಳ ಸೊಂಟದಲ್ಲಿ! ಒಂದು ಸ್ಪ್ಯಾನರ್ ಬೇಕೆಂದರೂ ಗಂಡ ಅರ್ಜಿ ಹಾಕಬೇಕು. ಅವನು ಅವಳಿಗೆ ‘ಆಫೀಸರಮ್ಮ’ ಎಂದೇ ಹೆಸರಿಟ್ಟಿದ್ದ.

ಅಂದು ದೊಡ್ಡ ದಿನ. ಹಲ್ಲಿನ ಡಾಕ್ಟರು ತಮ್ಮ ಕಾರು ಒಯ್ಯಲು ಸಂಜೆ ಬರುವವರಿದ್ದರು. ಗಂಡ ಬುಡದಿಂದ ತುದಿಯವರೆಗೆ ತಾನೇ ರೂಪಿಸಿದ ಮೊದಲ ಕಾರು ಅದು. ಡಾಕ್ಟರು ಮೆಚ್ಚಿದರೆ ಅವರನ್ನು ನೋಡಿ ಇನ್ನೂ ಹತ್ತು ಜನ ಬಂದಾರು. ಮೂಗು ಮುರಿದರೆ ಮತ್ತೆ ಪಂಕ್ಚರ್ ಹಾಕುವುದೇ ಗತಿ.

ಕಾರೋ! ಅದರ ಮುಂದೆ ನಿಂತರೆ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಆ ಮನೆಯಲ್ಲಿ ಇದು ಅಪರೂಪದ ಸಂಗತಿ. ಕತ್ತಲಾಗುವ ಮುಂಚಿನ ಆಕಾಶದ ನೀಲಿ. ಅಡಿಯಲ್ಲಿ ಬೆಕ್ಕೂ ನುಸುಳಲಾರದಷ್ಟು ತಗ್ಗು. ಬಾಗಿಲಿಗೆ ಹಿಡಿಯೇ ಇಲ್ಲ, ಒಳಗೂ ಇಲ್ಲ, ಹೊರಗೂ ಇಲ್ಲ! ಗುಂಡಿ ಒತ್ತಿದರೆ ನಿಟ್ಟುಸಿರು ಬಿಟ್ಟಂತೆ ತೆರೆದುಕೊಳ್ಳುತ್ತಿತ್ತು. ಡಿಕ್ಕಿಯೂ ಹಾಗೇ. ‘ಗ್ರೀಸು ಮೆತ್ತಿದ ಈ ಕೈಗಳೇ ಇದನ್ನು ಮಾಡಿದ್ದಾ!’ ಎಂದು ಅವಳು ಗಂಡನ ಬೆರಳುಗಳನ್ನು ಕದ್ದು ನೋಡುತ್ತಿದ್ದಳು.

ಹೊಸ ಬಣ್ಣದ ವಾಸನೆ ಹೋಗಲೆಂದು ಬಾಗಿಲು, ಬಾನೆಟ್, ಡಿಕ್ಕಿ ತೆರೆದಿಟ್ಟು ಗಂಡ ಸ್ನಾನಕ್ಕೆ ಹೋದ. ‘ಸೈಲೆನ್ಸರಿಗೆ ಒಂಚೂರು ವೆಲ್ಡಿಂಗ್ ಬಾಕಿ’ ಎಂದು ಅವನು ಬೆಳಿಗ್ಗೆ ಅಂದದ್ದು ಆಫೀಸರಮ್ಮನಿಗೆ ನೆನಪಾಯಿತು. ನಿಯಮ ಅಂದರೆ ನಿಯಮ! ಡಿಕ್ಕಿಯಲ್ಲಿದ್ದ ಬ್ಯಾಟರಿಯ ವೈರು ಬಿಚ್ಚಿ, ಡಿಕ್ಕಿ ಮುಚ್ಚಿದಳು. ಹಿಂದಿನ ಚಕ್ರದ ಬಳಿ ಒಂದು ತಂತಿ ಜೋತಾಡುತ್ತಿತ್ತು. ಯಾರಾದರೂ ಎಡವಿದರೆ? ಕಟ್! ಕೊನೆಗೆ ಗಾಜಿನ ಒಳಮೈಯಲ್ಲಿ ಪುಟ್ಟಿಯ ಬೆರಳಚ್ಚು ಕಂಡು, ಬಟ್ಟೆ ಹಿಡಿದು ಒಳಗೆ ಕೂತು, ಎರಡೂ ಬಾಗಿಲು ಎಳೆದುಕೊಂಡಳು.

ಒರೆಸಿ ಮುಗಿಸಿ ಗುಂಡಿ ಒತ್ತಿದಳು. ಬಾಗಿಲು ಉಸಿರೆತ್ತಲಿಲ್ಲ.

ಗಾಜು ಬಡಿದ ಸದ್ದಿಗೆ ಗಂಡ ತಲೆಯಲ್ಲಿ ಸೋಪಿನ ನೊರೆ ಇದ್ದಂತೆಯೇ ಓಡಿಬಂದ. ಅವಳು ಗೇರಿನ ಬುಡದ ರಬ್ಬರ್ ಎತ್ತಿದರೆ ಕಾರಿನ ತಳದಲ್ಲೊಂದು ತೂತು; ಗಾಳಿಗೂ ಮಾತಿಗೂ ಅದೇ ದಾರಿ. ಅವನು ಕಾರಿನ ಪಕ್ಕ ನೆಲಕ್ಕೆ ಕಿವಿಗೊಟ್ಟು ಮಲಗಿದ.

“ರೀ, ಬಾಗಿಲು ತೆಗೀತಿಲ್ಲ! ಬ್ಯಾಟರಿ ವೈರು ಬಿಚ್ಚಿ ಡಿಕ್ಕಿ ಮುಚ್ಚಿಬಿಟ್ಟಿದೀನಿ.”

“ಯಾಕೆ?”

“ಸುರಕ್ಷತೆಗೆ!”

ಅವನು ದೀರ್ಘವಾಗಿ ಉಸಿರೆಳೆದ. “ಹೋಗ್ಲಿ ಬಿಡು. ಇಂಥ ಹೊತ್ತಿಗೇ ಅಂತ ಹಿಂದಿನ ಚಕ್ರದ ಹತ್ರ ಒಂದು ತಂತಿ ಬಿಟ್ಟಿದೀನಿ. ಎಳೆದ್ರೆ ಬಾಗಿಲು ತೆಗೆಯುತ್ತೆ.”

ಅವಳು ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದಳು.

“ಕೇಳಿಸ್ತಾ?”

“ಜೋತಾಡ್ತಿತ್ತಲ್ಲ, ಅದಾ?”

“ಹೂಂ, ಅದೇ.”

“ಅದನ್ನ ಕತ್ತರಿಸಿಬಿಟ್ಟೆ. ಬುಡಕ್ಕೇ.”

ಗಂಡ ಎದ್ದು ಗಾಜು ಒಡೆಯಲು ಅಡುಗೆಮನೆಯಿಂದ ಕಾಯಿ ಒಡೆಯುವ ಸುತ್ತಿಗೆ ತಂದ. “ಕನ್ನಡಕ ಹಾಕ್ಕೊಳ್ಳಿ!” ಎಂದು ಅವಳು ಅಭ್ಯಾಸಬಲದಿಂದ ಕಿರುಚಿದಳು. ಮರುಕ್ಷಣವೇ ನೆನಪಾಯಿತು: ಈ ಕಾರಿಗೆಂದೇ ಬಗ್ಗಿಸಿ ಮಾಡಿಸಿದ ಗಾಜು, ಇನ್ನೊಂದು ಸಿಗದು! “ಅಯ್ಯೋ, ಬೇಡ ರೀ! ಬಾನೆಟ್ ತೆರೆದೇ ಇದೆಯಲ್ಲ, ಬೇರೆ ಬ್ಯಾಟರಿ ತಂದು ಇಂಜಿನ್ನಿಗೆ ಕೊಡಕ್ಕಾಗಲ್ವಾ?”

“ಆಗುತ್ತೆ. ಬ್ಯಾಟರಿ ಎಲ್ಲಿದೆ?”

“ಬೀರುವಲ್ಲಿ.”

“ಕೀಲಿ?”

ಅವಳು ಸೊಂಟ ಮುಟ್ಟಿಕೊಂಡಳು. ಕೀಲಿಯನ್ನು ತೂತಿನಿಂದ ಕೆಳಗೆ ಬಿಟ್ಟಳು. ಅದು ಕಾರಿನ ನಟ್ಟನಡುವೆ ಬಿತ್ತು. ಕೈ ಎಟುಕದು.

“ಜಾಕ್ ಹಾಕಿ ಎತ್ತಿ!”

“ಜಾಕೂ ಬೀರುವಲ್ಲೇ ಇದೆ ಆಫೀಸರಮ್ಮಾ!”

ಪುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಅತ್ತೆ ಪೊರಕೆ ಸಮೇತ ಬಂದರು. “ಸರಿಯೋ ಆ ಕಡೆ! ಮದುವೆಯಾದಾಗಿಂದ ಮಂಚದ ಕೆಳಗೆ ಗುಡಿಸಿದೀನಿ, ಇದ್ಯಾವ ಮಹಾ!” ಒಂದೇ ಬೀಸಿಗೆ ಕೀಲಿ ಹೊರಗೆ ಹಾರಿತು.

ಒಳಗೆ ಅವಳು ಸೀಟಿನ ಮೇಲೆ ಕೈಯಾಡಿಸಿದಳು. ಒಂದು ಹೊಲಿಗೆ ಸೊಟ್ಟಗಿಲ್ಲ, ಒಂದು ಅಂಚು ಚುಚ್ಚುವುದಿಲ್ಲ, ಕೈಯಿಟ್ಟಲ್ಲೆಲ್ಲ ನುಣುಪು. ಯಾರಿಗೂ ನೋವಾಗದಂತೆ ಅವನು ಪ್ರತಿ ಮೂಲೆಯನ್ನೂ ಉಜ್ಜಿದ್ದ, ಗೋಡೆಯ ಶಾಸನ ನೋಡದೆಯೇ. ಅವಳ ಕಣ್ಣು ತುಂಬಿತು.

ಗಂಡ ಬೀರುವಿನ ಬ್ಯಾಟರಿ ತಂದು ಜೋಡಿಸಿದ; ಅವಳು ಗುಂಡಿ ಒತ್ತಿದೊಡನೆ ನಿಟ್ಟುಸಿರಿನೊಂದಿಗೆ ಬಾಗಿಲು ತೆರೆಯಿತು. ಎದುರಿಗೆ ಹಲ್ಲಿನ ಡಾಕ್ಟರು ಬಾಯಿ ತೆರೆದು ನಿಂತಿದ್ದರು!

“ಆಹಾ! ಕಳ್ಳ ಒಳಗೆ ಹೋದ್ರೂ ಹೊರಗೆ ಬರೋ ಹಾಗಿಲ್ಲ! ನಮ್ಮ ತಮ್ಮನಿಗೂ ಇಂಥದ್ದೇ ಒಂದು ಮಾಡಿಕೊಡಿ.”

ಅವಳಿಗೆ ಹೋದ ಜೀವ ಬಂತು. ಬಂದ ಜೀವದ ಜೊತೆಗೇ ಹಳೆಯ ದರ್ಪವೂ ಬಂತು. “ವೆಲ್ಡಿಂಗ್ ಇದೆ ಅಂತ ತಾನೇ ನಾನು ವೈರು ಬಿಚ್ಚಿದ್ದು?”

ಗಂಡ ಹೊಸ ತಂತಿ ಕಟ್ಟುತ್ತಾ ತಲೆಯೆತ್ತಲಿಲ್ಲ. “ಅದನ್ನ ಮಧ್ಯಾಹ್ನಾನೇ ಮುಗಿಸಿದ್ನಲ್ಲ. ಒಂದ್ಮಾತು ಕೇಳ್ಬಾರ್ದಿತ್ತಾ?”

ಅವಳು ಕೀಲಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ, ಅಪ್ಪನ ದೊಡ್ಡ ಕನ್ನಡಕ ಮೂಗಿನ ತುದಿಗೆ ಜಾರಿದ್ದ ಪುಟ್ಟಿ ಅಜ್ಜಿಯ ಕಂಕುಳಿಂದಲೇ ಗೋಡೆಯತ್ತ ಬೆರಳು ಚಾಚಿದಳು.

“ಅಮ್ಮಾ! ಕೇಳ್ದೆ ಏನೂ ಮುಟ್ಬಾದು!”