ಗಾದಿ ನೆನೆಸಿದ ಸುಭೇದಾರ ಬೆಕ್ಕಿನವರ ಸನ್ನಿಧಿಗೆ

ಸೊಲ್ಲಾಪುರ, ಶ್ರಾವಣ, ೧೯೭೪

ಇಲಿಕುಲಕ್ಕೆ ಯಮನೂ ನಮ್ಮ ಚಾದರದ ಅಂಗಡಿಗೆ ರಕ್ಷಕರೂ ಆದ ಶ್ರೀಮಾನ್ ಸುಭೇದಾರ ಬೆಕ್ಕಿನವರ ನಾಲ್ಕೂ ಪಾದಗಳಿಗೆ ಅಂಗಡಿಯ ಕಿರಿಯ ಮಾಲಕ ಅಮೃತಪ್ಪನ ಅನಂತ ನಮಸ್ಕಾರಗಳು.

ಮಾನ್ಯರೇ,

ಇತ್ತ ನಾವೆಲ್ಲ ಕ್ಷೇಮ. ಗಾದಿಯೊಂದು ಮಾತ್ರ ಇನ್ನೂ ಒಣಗಿಲ್ಲ. ಎರಡು ವರ್ಷ ತಾವು ಮರಳಿನ ಪೆಟ್ಟಿಗೆಯಲ್ಲೇ ಮೂತ್ರ ಮಾಡಿ, ಮುಂಗಾಲಿನಿಂದ ಮುಚ್ಚಿ, ಮುಚ್ಚಿದ್ದು ಸರಿಯಾಯಿತೇ ಎಂದು ತಿರುಗಿ ನೋಡಿ ಹೋಗುತ್ತಿದ್ದ ಶಿಸ್ತನ್ನು ನಾನು ನನ್ನ ಮಕ್ಕಳಿಗೇ ಉದಾಹರಣೆಯಾಗಿ ಹೇಳುತ್ತಿದ್ದೆ. ಅಂಥ ತಾವು ಈ ಶ್ರಾವಣದಲ್ಲಿ ಗಿರಾಕಿಗಳು ಕೂಡುವ ಬಿಳಿ ಗಾದಿಯನ್ನೇ ಆರಿಸಿಕೊಂಡಿರಿ, ಅದು ಸಾಲದೆ ಅವರು ಒರಗುವ ಲೋಡಿಗೂ ಪ್ರಸಾದ ಹಂಚಿದಿರಿ, ಕೊನೆಗೆ ಅಕ್ಕಲಕೋಟೆಗೆ ಹೊರಟಿದ್ದ ಚಾದರದ ಗಂಟನ್ನೂ ಹರಸಿ ಕಳಿಸಿದಿರಿ. ಅಲ್ಲಿಯ ವ್ಯಾಪಾರಿ ಶಾಂತಲಿಂಗಪ್ಪನವರು ಗಂಟು ಬಿಚ್ಚಿ, ಮೂಗಿಗೆ ಧೋತರದ ಚುಂಗು ಹಿಡಿದು, “ಇದೇನ್ರಿ, ಹೊಸಾ ಬಣ್ಣದ ವಾಸನಿ ಏನ್ರಿ?” ಎಂದು ಚೀಟಿ ಬರೆದು ಮಾಲು ವಾಪಸು ಕಳಿಸಿದರು.

ಅಂದೇ ನಮ್ಮ ಹಿರಿಯಣ್ಣ ಶಿವಶರಣಪ್ಪನವರು ತೀರ್ಪು ಕೊಟ್ಟರು: “ಸೋಮವಾರದೊಳಗ ಈ ಬೆಕ್ಕಿನ್ನ ಚೀಲದಾಗ ಹಾಕಿ ಸೋನಾಬಾಯಿ ಕಡೆ ಬಿಟ್ಟು ಬಾ. ನಂದೇಶ್ವರದಾಗ ಬೇಕಾದಷ್ಟು ಹೊಲ ಅದ, ಎಲ್ಲೆ ಬೇಕಲ್ಲೆ ಮಾಡ್ಲಿ.” ಸೋನಾಬಾಯಿ ನಂದೇಶ್ವರದ ಹಳ್ಳಿಗೆ ಕೊಟ್ಟ ನಮ್ಮ ತಂಗಿ, ಬಂಗಾರದಂಥ ಹೆಣ್ಣುಮಗಳು, ಆದರೆ ಅವಳ ಅಂಗಳದಲ್ಲಿ ಮೂರು ನಾಯಿಗಳಿವೆ. ತೀರ್ಪು ಕೇಳಿ ತಾವು ಆಕಳಿಸಿದಿರಿ.

ತಮ್ಮ ಮನಸ್ಸನ್ನು ಅರಿಯಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ನನ್ನ ಹೆಂಡತಿ ಗಿರಿಜಾಬಾಯಿ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ತಾವು ಎರಡು ಸಲ ಸೀನಿ ನೇರವಾಗಿ ಗಾದಿಗೆ ಹೋದಿರಿ. ತಮ್ಮನ್ನು ದನದ ಡಾಕ್ಟರರ ಬಳಿ ಒಯ್ದರೆ ಅವರು ಹೊಟ್ಟೆ ಒತ್ತಿ ನೋಡಿ, ಕೈ ಪರಚಿಸಿಕೊಂಡು, “ರೋಗ ಏನೂ ಇಲ್ರಿ. ಎತ್ತಿಂದು ಕೇಳ್ರಿ, ಎಮ್ಮಿದು ಕೇಳ್ರಿ, ಹೇಳ್ತೀನಿ. ಬೆಕ್ಕಿಂದು ಬೆಕ್ಕಿಗೇ ಕೇಳ್ರಿ” ಎಂದರು. ಹೀಗಾಗಿ ನಿನ್ನೆ ನಾನು ಬೆಳಿಗ್ಗೆಯಿಂದ ಗಂಟುಗಳ ಹಿಂದೆ ಅಡಗಿ ಕೂತು ತಮ್ಮನ್ನೇ ನೋಡಿದೆ.

ಮಾನ್ಯರೇ, ಕ್ಷಮೆ ಇರಲಿ. ಶ್ರಾವಣದ ಮಾಲಿಗೆ ಜಾಗ ಬೇಕೆಂದು ತಮ್ಮ ಪೆಟ್ಟಿಗೆಯನ್ನು ಹಿಂದಿನ ಮೂಲೆಯಿಂದ ತಂದು ದೇವರ ಪಟದ ಕೆಳಗಿಟ್ಟ ಮೂರ್ಖ ನಾನೇ. ದೇವರ ಪಟ, ಕೆಳಗೆ ಒಂದು ಪೆಟ್ಟಿಗೆ ಮರಳು. ಕಂಡವರು ಸುಮ್ಮನೆ ಬಿಟ್ಟಾರೆಯೇ? ಅಂಗಡಿ ತೆರೆದ ಕೂಡಲೇ ಒಬ್ಬ ಹಿರಿಯರು ಅರ್ಧ ಕಣ್ಣು ಮುಚ್ಚಿ ಐದು ಊದಿನಕಡ್ಡಿ ಹಚ್ಚಿ ಆ ಮರಳಿಗೆ ಸಿಕ್ಕಿಸಿದರು. ಹೆಸರು ಹೇಳಲಾರೆ, ನನಗಿಂತ ಹನ್ನೆರಡು ವರ್ಷ ದೊಡ್ಡವರು, ನನ್ನ ತಾಯಿಯ ಹೊಟ್ಟೆಯಲ್ಲೇ ಹುಟ್ಟಿದವರು. ಅವರನ್ನು ನೋಡಿ ಗಿರಾಕಿಗಳೂ ಸಿಕ್ಕಿಸಿದರು. ಒಬ್ಬಾಕೆ ಬಿಲ್ವಪತ್ರೆ ಏರಿಸಿದಳು, ಇನ್ನೊಬ್ಬರು ಆ ಮರಳನ್ನೇ ಚಿಟಿಕೆಯಷ್ಟು ಹಣೆಗಿಟ್ಟುಕೊಂಡರು. ಆಮೇಲೆ ತಾವು ಬಂದಿರಿ, ಹೊಗೆಯನ್ನು ನೋಡಿದಿರಿ, ಪೆಟ್ಟಿಗೆಗೆ ಒಂದು ಸುತ್ತು ಬಂದಿರಿ, ಒಳಗೆ ಕಾಲಿಡದೆ ಗಾದಿಯ ಕಡೆ ನಡೆದಿರಿ. ಇಡೀ ಸೊಲ್ಲಾಪುರದಲ್ಲಿ ತಮ್ಮಷ್ಟು ಮಡಿವಂತರು ಇನ್ನೊಬ್ಬರಿಲ್ಲ!

ಪೆಟ್ಟಿಗೆಯನ್ನು ನಿನ್ನೆಯೇ ಹೊಸ ಮರಳು ತುಂಬಿ ಹಳೆಯ ಮೂಲೆಯಲ್ಲಿಟ್ಟೆ. ತಾವು ಕೂಡಲೇ ದಯಮಾಡಿಸಿ, ಕೆಲಸ ಮುಗಿಸಿ, ಮುಚ್ಚಿ, ತಿರುಗಿ ನೋಡಿದ್ದನ್ನು ಕಂಡು ಕುಣಿದಾಡುವಷ್ಟು ಖುಷಿಯಾಯಿತು. ಆದರೆ ತೀರ್ಪು ಇನ್ನೂ ರದ್ದಾಗಿಲ್ಲ, ನಾಳೆಯೇ ಸೋಮವಾರ. ಆದ್ದರಿಂದ ತಾವು ದಯವಿಟ್ಟು ಅಣ್ಣನವರ ಎದುರು ಬಲಗಾಲು ಎತ್ತಿ ಸಾಕ್ಷಿ ಹೇಳಬೇಕು. ನಾಲ್ವರು ಪಂಚರ ಸಮಕ್ಷಮ ಮರಳು ಕೆದರಿ ತೋರಿಸಬೇಕು. ಊದಿನಕಡ್ಡಿ ಹಚ್ಚಿದವರ ಹೆಸರನ್ನು ತಾವೇ ಉಚ್ಚರಿಸಬೇಕು. ನಾನು ಹೇಳುವಂತಿಲ್ಲ. ನಮ್ಮ ಮನೆಯಲ್ಲಿ ತಮ್ಮನಾದವನು ಅಣ್ಣನಿಗೆ ‘ತಪ್ಪು ನಿಮ್ಮದು’ ಎಂದು ಇದುವರೆಗೆ ಅಂದಿಲ್ಲ, ನನಗೂ ಅಷ್ಟು ಧೈರ್ಯವಿಲ್ಲ.

ತಮ್ಮ ವಿಶ್ವಾಸಿಯೂ ಸದ್ಯಕ್ಕೆ ತಮ್ಮ ಮರಳಿನ ಕಾವಲುಗಾರನೂ ಆದ,
ಅಮೃತಪ್ಪ

ತಾ.ಕ.: ತಮಗೆ ಓದು ಬಾರದೆಂಬುದು ನನಗೆ ಗೊತ್ತು. ಗುಮಾಸ್ತರು ಮರಾಠಿಯವರು, ಮನೆಯ ಮಕ್ಕಳೂ ಮರಾಠಿ ಸಾಲಿಗೇ ಹೋಗುವವರು. ಈ ಅಂಗಡಿಯಲ್ಲಿ ಕನ್ನಡ ಓದಬಲ್ಲವರು ಇಬ್ಬರೇ, ಅವರಲ್ಲಿ ಒಬ್ಬ ಇದನ್ನು ಬರೆದಿದ್ದಾನೆ. ಪತ್ರವನ್ನು ಅಣ್ಣನವರು ಕೂಡುವ ಜಾಗದ ಎದುರಿನ ಕಂಬಕ್ಕೆ ಅಂಟಿಸಿದ್ದೇನೆ.