ಒಣಮೆಣಸಿನಕಾಯಿ ಹುರಿಯದ ಆರು ವರ್ಷ

ಸುಳ್ಳನ್ನು ಬಾಯಿಬಿಟ್ಟು ಹೇಳಬೇಕೆಂದೇನೂ ಇಲ್ಲ; ಬೇರೆಯವರು ನಮ್ಮ ಬಗ್ಗೆ ಒಳ್ಳೆಯದಾಗಿ ತಪ್ಪು ತಿಳಿದುಕೊಂಡಾಗ ಸುಮ್ಮನಿದ್ದರೆ ಸಾಕು. ನಾನು ಹಾಗೆ ಆರು ವರ್ಷ ಸುಮ್ಮನಿದ್ದೆ. ಎರಡನೆಯ ಹೆರಿಗೆಯ ನಂತರ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ನನಗೆ ಮೂತ್ರ ಸೋರುತ್ತಿತ್ತು. ಒಣಮೆಣಸಿನಕಾಯಿ ಹುರಿದರೆ ಸೀನು ತಪ್ಪದು. ಹಾಗಾಗಿ ಹುರಿಯುವುದನ್ನೇ ಬಿಟ್ಟೆ. ಗೌರಿಬಿದನೂರಿನ ನಮ್ಮ ಮನೆಯ ಬಸ್ಸಾರು ಸಪ್ಪೆಯಾಯಿತು. ಇದೆಲ್ಲ ತಮ್ಮ ಗ್ಯಾಸ್ಟ್ರಿಕ್ ಮೇಲಿನ ಕಾಳಜಿ ಎಂದುಕೊಂಡ ಯಜಮಾನರು ನೆಂಟರ ಮುಂದೆಲ್ಲ ನನ್ನನ್ನು ಹೊಗಳಿದರು. ಅದನ್ನು ಕೇಳಿ ಮಂಡಿಕಲ್ಲಿನ ನಮ್ಮ ಓರಗಿತ್ತಿ ತನ್ನ ಗಂಡನಿಗೂ ಸಪ್ಪೆ ಸಾರು ಬಡಿಸಿ ಬೈಸಿಕೊಂಡಳು.

ನಾನು ಪಾಠ ಹೇಳುವ ಶಾಲೆಯಲ್ಲಿ ಮಕ್ಕಳ ಹಗ್ಗದಾಟಕ್ಕೆ ಸೇರುವುದನ್ನು ಬಿಟ್ಟೆ. ನಗುವನ್ನೂ ಅಳೆದು ನಗುತ್ತಿದ್ದೆ, ನೀರನ್ನೂ ಗುಟುಕು ಲೆಕ್ಕದಲ್ಲಿ ಕುಡಿಯುತ್ತಿದ್ದೆ. ಊರಿನ ಆಸ್ಪತ್ರೆಯ ನರ್ಸಮ್ಮ ಹೇಳಿಕೊಟ್ಟ, ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ತಿಂಗಳುಗಟ್ಟಲೆ ಮಾಡಿದೆ. ಸ್ವಲ್ಪ ತಗ್ಗಿತೇ ಹೊರತು ನಿಲ್ಲಲಿಲ್ಲ. ಕೊನೆಗೆ ಯಜಮಾನರ ಜೊತೆ ಚಿಕ್ಕಬಳ್ಳಾಪುರದ ವೈದ್ಯೆಯ ಬಳಿ ಹೋದೆ. ಇದರಿಂದಾಗಿ ಏನೇನು ಬಿಟ್ಟಿದ್ದೀರಿ, ಒಂದೂ ಮುಚ್ಚಿಡದೆ ಹೇಳಿ ಎಂದರು ಆಕೆ. ಹಗ್ಗದಾಟ ಹೇಳಿದೆ, ನಗು ಹೇಳಿದೆ, ನೀರು ಹೇಳಿದೆ. ಯಜಮಾನರ ಕಡೆ ನೋಡದೆ ಮೆಣಸಿನಕಾಯಿಯನ್ನೂ ಹೇಳಿದೆ.

"ಹಂಗಾರೆ ನನ್ನ ಗ್ಯಾಸ್ಟ್ರಿಕ್ಕು?" ಎಂದರು ಯಜಮಾನರು.

"ಅದು ನೀವೇ ಅಂದ್ಕೊಂಡಿದ್ದು ಕಣ್ರೀ."

ವೈದ್ಯೆ ತಲೆ ತಗ್ಗಿಸಿ ಏನೋ ಬರೆಯತೊಡಗಿದರು. ಅವರ ಭುಜ ಮಾತ್ರ ಅಲುಗುತ್ತಿತ್ತು. ಆಮೇಲೆ ವಿವರಿಸಿದರು: ಸಣ್ಣ ಗಾಯ ಮಾಡಿ ಮೂತ್ರನಾಳದ ಕೆಳಗೆ ಬಲೆಯಂಥ ಕಿರಿದಾದ ಪಟ್ಟಿಯೊಂದನ್ನು ಇಡುತ್ತಾರೆ, ಕೆಮ್ಮಿದಾಗ ಅದು ಆಸರೆ ಕೊಡುತ್ತದೆ. ಹೆಚ್ಚಿನವರಿಗೆ ಗುಣವಾಗುತ್ತದೆ, ಎಲ್ಲರಿಗೂ ಎಂದು ಮಾತು ಕೊಡಲಾರೆ ಎಂದು, ಬರಬಹುದಾದ ತೊಂದರೆಗಳನ್ನೂ ಹೇಳಿದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಶಸ್ತ್ರಚಿಕಿತ್ಸೆ ಅರ್ಧ ಗಂಟೆಯ ಕೆಲಸ. ಮಾರನೆಯ ದಿನ ಮನೆಗೆ ಕಳಿಸಿದರು. ದಾರಿಯಲ್ಲಿ ಯಜಮಾನರು ಕಿಟಕಿಯಾಚೆ ನೋಡುತ್ತಲೇ ಬಾಯಿಬಿಟ್ಟರು.

"ನಾನು ದಿನಾ ಸಾಯಂಕಾಲ ಬಸ್ ಸ್ಟ್ಯಾಂಡಲ್ಲಿ ಮೆಣಸಿನಕಾಯಿ ಬಜ್ಜಿ ತಿಂತಿದ್ದೆ ಕಣೇ. ನೀನು ನೊಂದ್ಕೊಂತೀಯ ಅಂತ ಹೇಳ್ಲಿಲ್ಲ."

ಅವರ ಗ್ಯಾಸ್ಟ್ರಿಕ್ಕಿನ ಮೂಲ ನನಗೆ ಅಂದು ತಿಳಿಯಿತು.

ಭಾರ ಎತ್ತಬಾರದೆಂದು ಹೇಳಿದ್ದ ವಾರಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ಬಾಣಲೆ ಇಟ್ಟು ಹಿಡಿ ಮೆಣಸಿನಕಾಯಿ ಹುರಿದೆ. ಮನೆಮಂದಿಯೆಲ್ಲ ಸೀನಿದರು. ನಾನೂ ನಾಲ್ಕು ಸಲ ಸೀನಿದೆ. ಅಲ್ಲಾಡದೆ ನಿಂತು ಕಾದೆ. ಏನೂ ಆಗಿರಲಿಲ್ಲ. ಅಳತೆ ಮರೆತು ನಕ್ಕೆ. ಆಗಲೂ ಏನೂ ಆಗಲಿಲ್ಲ. ಆದರೆ ಊಟಕ್ಕೆ ಕೂತಾಗ, ಇಷ್ಟು ವರ್ಷ ಎಲ್ಲರ ಖಾರ ಕಿತ್ತುಕೊಂಡಿದ್ದ ನನಗೇ ಮೊದಲ ತುತ್ತು ತಡೆಯಲಾಗಲಿಲ್ಲ. ಉಳಿದವರು ಆರಾಮಾಗಿ ಉಣ್ಣುತ್ತಿದ್ದರು. ನಾನು ಕಣ್ಣೊರೆಸಿಕೊಳ್ಳುತ್ತ ಮೂರು ಲೋಟ ನೀರನ್ನು ಒಂದೇ ಸಮ ಕುಡಿದೆ, ಆಮೇಲೇನಾದೀತು ಎಂದು ಒಮ್ಮೆಯೂ ಯೋಚಿಸದೆ.